ಉಳ್ಳಾಗಡ್ಡಿಗೆಂದು ಹೆಣೆದ ಬುಟ್ಟಿ

ಬಿ.ಎ. ನನ್ನ ಕೈಲಿ ಆಗುವುದಿಲ್ಲ ಎಂದವರು ನಮ್ಮ ಅತ್ತೆ. ಬೈದು ಹೇಳಲಿಲ್ಲ, ಹಂಗಿಸಿಯೂ ಹೇಳಲಿಲ್ಲ. ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದರು. ನಾನು ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಅಂಚೆಯವನು ಕೊಟ್ಟುಹೋದ ದಪ್ಪ ಕವರನ್ನು ಹಿಡಿದು ಅವರ ಮುಂದೆ ನಿಂತಿದ್ದೆ. ಅದರಲ್ಲಿ ಮೊದಲ ವರ್ಷದ ಪಾಠಗಳಿದ್ದವು. ಮನೆಯಲ್ಲೇ ಓದಿ ವರ್ಷಕ್ಕೊಮ್ಮೆ ಬಳ್ಳಾರಿಗೆ ಹೋಗಿ ಪರೀಕ್ಷೆ ಬರೆಯುವ ಏರ್ಪಾಡು ನಮ್ಮ ಕಡೆ ಆಗಿನ್ನೂ ಹೊಸದು.

"ಓದಬ್ಯಾಡ ಅನ್ನಂಗಿಲ್ಲ ನಾನು," ಎಂದರು, ಸೂಜಿಯಿಂದ ಕಣ್ಣೆತ್ತದೆ. "ಆದರ ಅದು ಆಗಂಗಿಲ್ಲ. ಎಂಟು ಮಂದಿ ಉಣ್ಣೋ ಮನಿ ಇದು. ಯಾವಾಗ ಓದ್ತಿ? ಪುಸ್ತಕ ಹಿಡಕೊಂಡು ಕುಂತದ್ದು ಕಂಡ್ರ ನಾನ ಎಬ್ಬಸ್ತೀನಿ."

ಆಡಿದಂತೆ ನಡೆದುಕೊಂಡರು ಕೂಡ. ನಾನು ಹಾಳೆ ಹಿಡಿದು ಕೂತರೆ ಸಾಕು, "ಲೇ ಕುರುಗೋಡಾಕಿ" ಎಂಬ ಕೂಗು ಬರುತ್ತಿತ್ತು. ಆ ಮನೆಯಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ತವರೂರೇ ನನ್ನ ಹೆಸರು. ಕೊಟ್ಟಿಗೆ ಬಳಿಯುವುದಿತ್ತು, ಕಾಲುವೆಯಿಂದ ನೀರು ತರುವುದಿತ್ತು, ಗದ್ದೆಗೆ ಬುತ್ತಿ ಕಟ್ಟುವುದಿತ್ತು. ರಾತ್ರಿ ಓದೋಣವೆಂದರೆ ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆ. ಈಗಿನವರು ಛಲ ಎಂದು ದೊಡ್ಡ ಮಾತು ಆಡುತ್ತಾರೆ. ನನಗೆ ಆಗ ಇದ್ದದ್ದು ದಣಿವು, ಬರೀ ದಣಿವು.

ನಮ್ಮಪ್ಪ ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದವರು, ಹೆಬ್ಬೆಟ್ಟಿನವರು. ನಾನು ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿಬಂದು ಪಿ.ಯು.ಸಿ. ಮುಗಿಸಿದ್ದೆ. ಅಲ್ಲಿಂದ ಮುಂದೆ ನಮ್ಮ ಕುಲದಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ನಮ್ಮ ಮನೆಯವರು ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುತ್ತಿದ್ದರು. ಬಿ.ಎ.ಗೆ ಅರ್ಜಿ ತಂದವರು ಅವರೇ. ತಂದುಕೊಟ್ಟು, ತಾಯಿಗೆ ಹೇಳುವ ಕೆಲಸ ಮಾತ್ರ ನನಗೆ ಬಿಟ್ಟರು.

ಉಳ್ಳಾಗಡ್ಡಿ ಮೊಳಕೆಯೊಡೆದದ್ದರಿಂದ ಬುಟ್ಟಿಯ ಕಥೆ ಶುರುವಾಯಿತು. ಅಡಿಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ರಾಶಿ ಹಾಕಿದ್ದವು, ತಂಪಿಗೆ ಕೊಳೆಯುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ಕ್ರೋಶಾ ಕಲಿತಿದ್ದೆನೆಂದು ಅತ್ತೆಗೆ ಗೊತ್ತಿತ್ತು. ಮದುವೆಯಲ್ಲಿ ನಾನು ಹೆಣೆದ ಬಿಳಿ ರುಮಾಲನ್ನು ತವರಿನವರು ತಟ್ಟೆಯ ಮೇಲೆ ಹೊದಿಸಿ ಕಳಿಸಿದ್ದರು.

"ನಿಂದು ಆ ಕೊಕ್ಕಿ ಕೆಲಸ ಐತೆಲ್ಲ, ಅದರಾಗ ಉಳ್ಳಾಗಡ್ಡಿ ಇಡಾಕ ಒಂದು ಬುಟ್ಟಿ ಮಾಡು," ಎಂದರು. "ಗಾಳಿ ಆಡಬೇಕು, ಕೆಳಗ ಉದುರಬಾರದು."

ಮನೆಯವರು ಗಿರಣಿಯಿಂದ ಸುತಳಿಯ ತುಂಡುಗಳನ್ನು ತಂದುಕೊಟ್ಟರು. ಚೀಲದ ಬಾಯಿ ಹೊಲಿದು ಉಳಿದವು, ತವುಡಿನ ವಾಸನೆಯವು. ರುಮಾಲಿನ ಉಕ್ಕಿನ ಕಡ್ಡಿ ಸುತಳಿಗೆ ತೀರ ಸಣ್ಣದಾಯಿತು. ಬಿದಿರು ಕೆತ್ತಿ, ತುದಿಗೆ ಕೊಕ್ಕೆ ಮಾಡಿ, ಗಾಜಿನ ಚೂರಿನಿಂದ ಉಜ್ಜಿ ಕೊಟ್ಟರು.

ಬುಟ್ಟಿಯ ಕೆಲಸ ಕಷ್ಟದ್ದಲ್ಲ. ಆರು ಹೆಣಿಗೆಯ ಒಂದು ಉಂಗುರದಿಂದ ಶುರು. ಎರಡನೆಯ ಸುತ್ತಿಗೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ತಳ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡುತ್ತದೆ. ಬೇಕಾದಷ್ಟು ಅಗಲ ಬಂದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಬೇಕು, ಗೋಡೆ ತಾನೇ ಮೇಲೇಳುತ್ತದೆ. ಎಣಿಕೆ ತಪ್ಪಬಾರದು, ಅಷ್ಟೇ. ಹೆಚ್ಚಿಸುವುದು ಮರೆತರೆ ಅಂಚು ಮುದುರಿ ಟೋಪಿಯಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚಿಸಿದರೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಅಲೆಅಲೆಯಾಗುತ್ತದೆ.

ಮೊದಲ ದಿನ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಹೆಣೆದೆ. ಸಂಜೆಯ ತನಕ ಯಾರೂ ನನ್ನನ್ನು ಎಬ್ಬಿಸಲಿಲ್ಲ. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ನನಗೆ ತಿಳಿಯಿತು. ಅತ್ತೆ ಕೌದಿ ಹೊಲಿಯುವವರು. ಸಾಲಿನ ನಡುವೆ ಸೂಜಿ ಬಿಟ್ಟು ಎದ್ದರೆ ಹೊಲಿಗೆ ಸೊಟ್ಟ ಹೋಗುತ್ತದೆಂದು ಆ ಮನೆಯಲ್ಲಿ ದಾರ ಹಿಡಿದ ಹೆಂಗಸನ್ನು ಯಾರೂ ಏಳಿಸುತ್ತಿರಲಿಲ್ಲ. ಬಾಗಿಲಿಗೆ ನೆಂಟರು ಬಂದರೂ ನೀರು ಕೊಡುವವರು ಬೇರೆಯವರು. ಕೌದಿಗಿದ್ದ ಆ ಮರ್ಯಾದೆ ನನ್ನ ಸುತಳಿಗೂ ಸಿಕ್ಕಿಬಿಟ್ಟಿತ್ತು.

ನಾಲ್ಕನೆಯ ದಿನ ಪಾಠದ ಒಂದು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಬುಟ್ಟಿಯ ತಳ ಹಿಡಿದು ಕೂತೆ. ಕೈ ಸುತಳಿಯ ಮೇಲೆ, ಕಣ್ಣು ಹಾಳೆಯ ಮೇಲೆ. ಗೋಡೆ ಎದ್ದ ಮೇಲೆ ಇನ್ನೂ ಸಲೀಸಾಯಿತು. ಹಾಳೆ ಬುಟ್ಟಿಯ ತಳದಲ್ಲಿ ಕೂತುಬಿಡುತ್ತಿತ್ತು, ಬಗ್ಗಿ ನೋಡಿದವರಿಗೆ ಮಾತ್ರ ಕಾಣುವ ಹಾಗೆ. ಸುತಳಿ ಕೈ ಕುಯ್ಯುತ್ತಿತ್ತು. ತೋರುಬೆರಳಿಗೆ ಅರಿಷಿಣ ಮೆತ್ತಿ, ಬಟ್ಟೆ ಸುತ್ತಿಕೊಂಡು ಮುಂದುವರಿಸುತ್ತಿದ್ದೆ.

ಓದುವವಳಿಗೆ ಎಣಿಕೆ ಎಲ್ಲಿ ನಿಲ್ಲಬೇಕು? ಒಂದು ತಿಂಗಳಿಗೆ ಬುಟ್ಟಿ ಒಂದು ಕಡೆಗೆ ವಾಲಿತು. ಅತ್ತೆ ಬಂದು ಅದನ್ನು ನೆಲದ ಮೇಲಿಟ್ಟು, ತಾವು ಹಿಂದೆ ಸರಿದು ನೋಡಿದರು.

"ಏನಿದು, ಬುಟ್ಟಿನೋ, ಕುಡುದು ಬಂದ ಗಂಡಸೋ? ಬಿಚ್ಚು."

ಬಿಚ್ಚಿದೆ. ಹೆಣೆದವರಿಗೆ ಗೊತ್ತು, ತಿಂಗಳ ಕೆಲಸ ಬಿಚ್ಚಲು ಒಂದು ಗಳಿಗೆ ಸಾಕು. ಸುತಳಿ ಸುರುಳಿಸುರುಳಿಯಾಗಿ ಕಾಲಬಳಿ ಬಿತ್ತು. ಮತ್ತೆ ಆರು ಹೆಣಿಗೆಯಿಂದ ಶುರು ಮಾಡಿದೆ. ಎರಡನೆಯ ಸಲ ತಳ ಟೋಪಿಯಾಯಿತು. "ಬಿಚ್ಚು." ಮೂರನೆಯ ಸಲ ನನ್ನ ಕಣ್ಣಿಗೆ ಸರಿಯಾಗಿಯೇ ಇತ್ತು, ಅವರ ಕಣ್ಣಿಗೆ ಸಂದು ಹೆಚ್ಚಾದವು. "ಬಿಚ್ಚು." ಆ ಒಂದು ಮಾತು ಕೇಳಿದಾಗಲೆಲ್ಲ, ಓದಲಿಕ್ಕೂ ಬಿಡದ, ಹೆಣೆದದ್ದನ್ನೂ ಉಳಿಸದ ಮನೆಗೆ ಬಂದು ಬಿದ್ದೆನಲ್ಲ ಎಂದುಕೊಳ್ಳುತ್ತಿದ್ದೆ. ಆದರೂ ಮೊದಲ ವರ್ಷದ ಪರೀಕ್ಷೆ ಹೇಗೋ ದಾಟಿತು.

ಆ ವರ್ಷವೇ ಹೆರಿಗೆಗೆ ಕುರುಗೋಡಿಗೆ ಹೋದೆ. ಪಾಠದ ಹಾಳೆಗಳನ್ನೂ, ನಾಲ್ಕು ಬೆರಳು ಗೋಡೆ ಎದ್ದಿದ್ದ ಬುಟ್ಟಿಯನ್ನೂ ಟ್ರಂಕಿನಲ್ಲಿಟ್ಟುಕೊಂಡಿದ್ದೆ. ತವರು, ಓದಲು ಬಿಡುವು ಸಿಗುತ್ತದೆ ಎಂದು ನಂಬಿದ್ದೆ. ಮಗಳು ಹುಟ್ಟಿದಳು. ಹುಟ್ಟಿದ ಮರುದಿನವೇ ನಮ್ಮವ್ವ ಹಾಳೆಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು.

"ಬಾಣಂತಿ ಓದಿದ್ರ ಕಣ್ಣು ಹೋಗ್ತಾವ. ಮೂರು ತಿಂಗಳು ಅಕ್ಷರದ ಮಕ ನೋಡಬ್ಯಾಡ."

"ಪರೀಕ್ಷೆ ಐತಬೇ ಯವ್ವಾ."

"ಇರಲಿ. ಪರೀಕ್ಷೆ ವರ್ಷಾ ವರ್ಷಾ ಬರ್ತತಿ. ಕಣ್ಣು ಬರ್ತಾವೇನು?"

ಅತ್ತೆಯೊಡನೆ ಒಳಗೊಳಗೇ ಗುದ್ದಾಡಬಹುದಿತ್ತು. ಹೆತ್ತವಳ ಅಕ್ಕರೆಯೊಡನೆ ಗುದ್ದಾಡುವುದು ಹೇಗೆ? ನಾನು ಮಲಗಿದೆ. ಮಲಗಿದವಳು ಎದ್ದು ನೋಡುವಷ್ಟರಲ್ಲಿ ಇನ್ನೊಂದು ಉಪಕಾರ ನಡೆದುಹೋಗಿತ್ತು. ಅವ್ವ ನನ್ನ ಬೆರಳಿನ ಗಾಯ ನೋಡಿ ಮರುಗಿ, ಬುಟ್ಟಿಯನ್ನು ಓಣಿಯ ದರ್ಜಿಯ ಹೆಂಡತಿಗೆ ಕೊಟ್ಟಿದ್ದಳು. ಆಕೆ ನಾಲ್ಕು ದಿನದಲ್ಲಿ ಮುಗಿಸಿ ತಂದಿಟ್ಟಿದ್ದಳು. ಬಾಯಿಗೆ ಎರಡು ಹಿಡಿಕೆ ಬೇರೆ. ಎಷ್ಟು ಚೆನ್ನಾಗಿತ್ತೆಂದರೆ, ನಾನು ಅತ್ತುಬಿಟ್ಟೆ.

"ಸಂತೋಷಕ್ಕ ಅಳ್ತಾಳ," ಎಂದಳು ಅವ್ವ ದರ್ಜಿಯ ಹೆಂಡತಿಗೆ.

ಸಂತೋಷವಾಗಿರಲಿಲ್ಲ. ಬುಟ್ಟಿ ಮುಗಿದರೆ ಮಧ್ಯಾಹ್ನ ಮುಗಿಯಿತು. ಮಧ್ಯಾಹ್ನ ಮುಗಿದರೆ ಬಿ.ಎ. ಮುಗಿಯಿತು. ಇದನ್ನು ಯಾರಿಗೆ ಬಿಡಿಸಿ ಹೇಳುವುದು? ಕೂಸನ್ನೂ ಬುಟ್ಟಿಯನ್ನೂ ಎತ್ತಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಅತ್ತೆ ಮೊದಲು ಮೊಮ್ಮಗಳನ್ನು ನೋಡಿದರು, ಆಮೇಲೆ ಬುಟ್ಟಿಯನ್ನು. ತಳ ತಿರುವಿ, ಗೋಡೆಯ ಮೇಲೆ ಹೆಬ್ಬೆರಳು ಆಡಿಸಿದರು. ನಾಲ್ಕು ಬೆರಳಿನ ಎತ್ತರಕ್ಕೆ ಬಂದಾಗ ಹೆಬ್ಬೆರಳು ನಿಂತಿತು.

"ಇಲ್ಲಿಂದ ಮ್ಯಾಗ ನಿನ್ನ ಕೈ ಅಲ್ಲ ಇದು."

ಬುಟ್ಟಿಯನ್ನು ನನ್ನ ಕೈಗೆ ತಿರುಗಿ ಕೊಟ್ಟರು.

"ನನ್ನ ಮನಿ ಉಳ್ಳಾಗಡ್ಡಿಗೆ ಮಂದಿ ಕೈ ಬುಟ್ಟಿ ಯಾಕ? ಬಿಚ್ಚು."

ಬದುಕಿನಲ್ಲಿ ಆ ಮಾತು ಕೇಳಿ ಜೀವ ತಂಪಾದದ್ದು ಅದೇ ಮೊದಲ ಸಲ. ನಿಂತ ನಿಲುವಿನಲ್ಲೇ ಬಿಚ್ಚಿದೆ.

ಆ ವರ್ಷ ಇಂಗ್ಲಿಷ್ ಪತ್ರಿಕೆಯಲ್ಲಿ ಫೇಲಾದೆ. ಹಾಳೆಗಳು ಅಟ್ಟದ ಮೇಲಿದ್ದ ಮೂರು ತಿಂಗಳ ಲೆಕ್ಕ ಅದು. ಅತ್ತೆ, "ನಾ ಹೇಳಿದ್ನಿಲ್ಲೋ," ಎಂದರು. ಆ ಪತ್ರಿಕೆಗೆ ತಿರುಗಿ ಕಟ್ಟಿದೆ. ಮೂರು ವರ್ಷದ ಓದು ನಾಲ್ಕಕ್ಕೆ ಹೋಯಿತು. ಕೂಸು ಬೆನ್ನಿಗೆ, ಬುಟ್ಟಿ ತೊಡೆಗೆ. ಮನೆಯಲ್ಲಿ ಉಳ್ಳಾಗಡ್ಡಿ ಇನ್ನೂ ನೆಲದ ಮೇಲೆಯೇ ಇದ್ದವು. ಓಣಿಯ ಹೆಂಗಸರಿಗೆ ನಾನೊಂದು ನಗೆಯ ವಸ್ತುವಾಗಿದ್ದೆ.

ಕೊನೆಯ ವರ್ಷ, ಪರೀಕ್ಷೆಗೆ ಒಂದು ತಿಂಗಳಿತ್ತು. ನಮ್ಮ ತಾಲ್ಲೂಕಿನ ಕರೂರಿಗೆ ಕೊಟ್ಟಿದ್ದ ನಾದಿನಿ ಬಂದಳು. ನಾನು ಪಡಸಾಲೆಯಲ್ಲಿ ಹೆಣೆಯುತ್ತಿದ್ದೆ, ಬುಟ್ಟಿಯ ತಳದಲ್ಲಿ ಇತಿಹಾಸದ ಹಾಳೆಯಿತ್ತು.

"ಅಯ್ಯ ಶಿವನ, ಇನ್ನಾ ಅದ ಬುಟ್ಟಿ ಏನ?" ಎಂದು ಎದುರಿಗೆ ಕೂತಳು. "ನೀ ಇದನ್ನ ಹಿಡಿದಾಗ ಹೊಟ್ಟ್ಯಾಗಿದ್ದ ನನ್ನ ಮಗ ಈಗ ನನಗ ಎದುರುತ್ತರ ಕೊಡ್ತಾನ. ಬಿಸಿಲಾಗ ಬಂದೀನಿ, ಒಂದು ಕಪ್ಪು ಚಾ ಇಡಬೇ ಕುರುಗೋಡಾಕಿ."

ಏಳಲು ಹೋದೆ. ಒಳಗಿನಿಂದ ಅತ್ತೆಯ ದನಿ ಬಂತು.

"ಆಕಿ ಸುತ್ತಿನ ನಡಕ ಅದಾಳ. ನೀ ಕುಂದ್ರು, ಚಾ ನಾ ಇಡ್ತೀನಿ."

ನಾದಿನಿ ಚುರುಕು ಕಣ್ಣಿನವಳು. ಬಗ್ಗಿ ನೋಡಿದಳು.

"ಯವ್ವಾ, ಬುಟ್ಟ್ಯಾಗ ಎಂಥದೋ ಕಾಗದ ಐತಿ ನೋಡು. ಸೊಸಿ ಬುಟ್ಟಿ ಹೆಣಿಯಾಕತ್ತಿಲ್ಲ, ಓದಾಕತ್ಯಾಳ!"

ನನ್ನ ಕೈ ನಿಂತಿತು. ಅತ್ತೆ ಚಹಾ ಪುಡಿಯ ಡಬ್ಬಿ ಹಿಡಿದೇ ಬಾಗಿಲಿಗೆ ಬಂದರು. ಬುಟ್ಟಿಯೊಳಗೆ ನೋಡಲಿಲ್ಲ.

"ಉಳ್ಳಾಗಡ್ಡಿಗೆ ಕೆಳಗ ಕಾಗದ ಹಾಸಬೇಕಲ್ಲ," ಎಂದರು. "ಅಳತಿ ನೋಡಾಕ ಇಟ್ಟಾಳ."

ಮತ್ತೆ ಒಳಗೆ ಹೋದರು. ನಾದಿನಿ ನನ್ನ ಮುಖ ನೋಡಿದಳು, ನಾನು ಸುತಳಿ ನೋಡಿದೆ.

ಅದೇ ವಾರ ಬುಟ್ಟಿ ಮುಗಿಯಿತು. ಈ ಸಲ ಎಲ್ಲೂ ತಪ್ಪಿರಲಿಲ್ಲ. ನಾಲ್ಕು ವರ್ಷದಲ್ಲಿ ನನ್ನ ಕೈ ಎಣಿಕೆಯನ್ನು ತಾನೇ ಕಲಿತುಬಿಟ್ಟಿತ್ತು. ಮನೆಯವರು ಕೂಡ, "ಛಲೋ ಆಗೇತಿ ಬಿಡಬೇ ಯವ್ವಾ," ಎಂದರು. ಅತ್ತೆ ಅದರ ಬಾಯಿಗೆ ಗೇಣು ಹಾಕಿದರು. "ಬಾಯಿ ಅಗಲ ಆತು. ಬೆಕ್ಕು ಬಂದು ಮಲಗ್ತತಿ. ಬಿಚ್ಚು." ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ನಾನು ಎದುರು ಮಾತಾಡದೆ ಬಿಚ್ಚಿದೆ. ಆ ಮೂರು ವಾರದ ಮಧ್ಯಾಹ್ನಗಳಲ್ಲಿ ಒಂದೂ ತಪ್ಪಲಿಲ್ಲ.

ಬೇಕೆಂದೇ ಬಿಚ್ಚಿಸುತ್ತಿದ್ದರೇ? ವರ್ಷಗಳ ಮೇಲೆ ಒಮ್ಮೆ ಕೇಳಿಯೂ ಬಿಟ್ಟೆ. "ಸೊಟ್ಟ ಇತ್ತು, ಬಿಚ್ಚಿಸಿದೆ," ಎಂದರು. ನನ್ನ ಹತ್ತಿರ ಅದಕ್ಕಿಂತ ಹೆಚ್ಚಿನ ಸಾಕ್ಷಿಯಿಲ್ಲ.

ಪರೀಕ್ಷೆಯ ದಿನಗಳಲ್ಲಿ ನಾನೂ ಮನೆಯವರೂ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋಗುತ್ತಿದ್ದೆವು. ಆ ಊರಿನ ಬಿಸಿಲು ಹೇಳಬೇಕಿಲ್ಲ. ಬೆವರಿಗೆ ಪೆನ್ನು ಜಾರುತ್ತಿತ್ತು, ಸುತಳಿ ಕುಯ್ದ ಬೆರಳು ಉರಿಯುತ್ತಿತ್ತು. ಉತ್ತರ ನೆನಪಾಗದಿದ್ದರೆ ಡೆಸ್ಕಿನ ಕೆಳಗೆ ಎಡಗೈ ಸುತಳಿ ಹಿಡಿದ ಹಾಗೆ ಆಡುತ್ತಿತ್ತು, ಆಮೇಲೆ ಆ ಹಾಳೆ ಕಣ್ಣಿಗೆ ಬರುತ್ತಿತ್ತು. ಕೊನೆಯ ಪತ್ರಿಕೆ ಮುಗಿದ ಸಂಜೆ ಬ್ರೂಸ್‌ಪೇಟೆಯಲ್ಲಿ ಹಾದು ಬಂದೆವು. ಅಂಗಡಿಯೊಂದರ ಮುಂದೆ ಬಣ್ಣಬಣ್ಣದ ವೈರ್ ಬುಟ್ಟಿಗಳನ್ನು ತೂಗುಹಾಕಿದ್ದರು.

"ಒಂದು ಒಯ್ದುಬಿಡೋಣೇನು? ಅವ್ವನ ಬಾಯಿ ಮುಚ್ಚತತಿ," ಎಂದರು ಮನೆಯವರು.

"ಬ್ಯಾಡ್ರಿ. ನಾಕು ವರ್ಷ ನೆಲದ ಮ್ಯಾಗ ಬಿದ್ದಾವು, ಇನ್ನೊಂದೀಟು ದಿನ ಬೀಳಲಿ."

ಫಲಿತಾಂಶ ಪೇಪರಿನಲ್ಲಿ ಬಂತು. ಮೂರನೆಯ ದರ್ಜೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕುರುಗೋಡಿನ ನಮ್ಮ ಮನೆಯಲ್ಲಿ, ಸಿರುಗುಪ್ಪದ ಈ ಮನೆಯಲ್ಲಿ, ಗಂಡಸರನ್ನೂ ಸೇರಿಸಿ, ಮೊದಲ ಪದವೀಧರೆ ನಾನು. ನಂಬರು ನೋಡಿದ ಹೊತ್ತಿಗೆ ಕುಣಿಯಬೇಕೆನಿಸಲಿಲ್ಲ. ಎಲ್ಲಾದರೂ ಅಡ್ಡಾಗಬೇಕೆನಿಸಿತು.

ಪದವಿಯ ಪತ್ರ ಎಷ್ಟೋ ತಿಂಗಳ ಮೇಲೆ ರಿಜಿಸ್ಟರ್ ಅಂಚೆಯಲ್ಲಿ ಬಂತು. ಎರಡು ರಟ್ಟುಗಳ ನಡುವೆ ಇಟ್ಟಿದ್ದರು, ಮೇಲೆ ಮಡಚಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅತ್ತೆ ಪಡಸಾಲೆಯಲ್ಲಿ ಕೌದಿಯ ಮುಂದೆ ಕೂತಿದ್ದರು, ಮೊದಲ ಕವರು ಬಂದ ದಿನ ಕೂತಿದ್ದ ಜಾಗದಲ್ಲೇ. ನಾನು ಪತ್ರವನ್ನು ಅವರ ಕೈಗೆ ಕೊಟ್ಟೆ. ಅವರು ಹಿಡಿದ ಸಾಲನ್ನು ಮುಗಿಸಲಿಲ್ಲ. ಸೂಜಿಯನ್ನು ನಡುವೆಯೇ ಚುಚ್ಚಿ ಬಿಟ್ಟು ತೆಗೆದುಕೊಂಡರು.

"ಏನಂತ ಬರದಾರ?"

"ಬಿ.ಎ. ಪಾಸು ಅಂತ."

"ಇದನ್ನ ಮಡಚಬಾರದೇನು?"

"ಮಡಚಬಾರದ್ರಿ ಅತ್ತಿ."

ಪತ್ರವನ್ನು ಕೌದಿಯ ಮೇಲೆ ಹರಡಿ, ಉದ್ದಕ್ಕೊಂದು, ಅಡ್ಡಕ್ಕೊಂದು ಗೇಣು ಹಾಕಿ ನೋಡಿದರು. ಆಮೇಲೆ, ಪರೀಕ್ಷೆ ಮುಗಿದ ಮೇಲೆ ನಾನು ಹೆಣೆದು ಮುಗಿಸಿ ಗೂಟಕ್ಕೆ ತೂಗುಹಾಕಿದ್ದ ಬುಟ್ಟಿಯತ್ತ ಕತ್ತೆತ್ತಿದರು.

"ಹಂಗಾದ್ರ ಇದಕ್ಕ ತಳ ಸಣ್ಣದಾತು," ಎಂದರು. "ಬಿಚ್ಚು."