ಪಕ್ಕದವಳ ಮಂಡಿ, ಪಕ್ಕದವನ ಮತ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬೊಯಾಕಾ ಬೆಟ್ಟದ ಚಳಿಗೆ ಉಣ್ಣೆಯ ರುವಾನಾ ಹೊದ್ದು, ಎದೆಲ್ಮಿರಾ ಸಿಯಾಚೋಕೆ ಅವರು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದಾರೆ. ಏರು ಹತ್ತಿ ಬರುವ ಸೈಕಲ್ ಹುಡುಗಿಯರಿಗೆ ಬಿಸಿ ಬೆಲ್ಲದ ನೀರು ಬಗ್ಗಿಸಿ ಕೊಡುತ್ತಾರೆ. ಕೊಡುತ್ತಲೇ ಪ್ರಶ್ನೆ.

"ಮಂಡಿ ಹೇಗಿದೆ ಮಗಳೇ?"

"ದೇವರ ದಯೆ, ಚೆನ್ನಾಗಿದೆ ಟೀಚರಮ್ಮ."

"ಹಿಂದೆ ಬರ್ತಿದಾಳಲ್ಲ, ಅವಳದು?"

"ಅಯ್ಯೋ, ಅವಳದಾ! ರಾತ್ರಿಯೆಲ್ಲ ನರಳ್ತಾಳೆ."

ಇದೇ ಎದೆಲ್ಮಿರಾರ ಕಸುಬು. ಅವರು ಸಮಾಜವಿಜ್ಞಾನಿ, ಊರವರ ಬಾಯಲ್ಲಿ ಟೀಚರಮ್ಮ. ಆಟಗಾರರು ನೋವನ್ನು ಯಾಕೆ ಮುಚ್ಚಿಡುತ್ತಾರೆ, ಮತದಾರರು ಮನಸ್ಸನ್ನು ಯಾಕೆ ಮುಚ್ಚಿಡುತ್ತಾರೆ ಎಂದು ಆಲೂಗೆಡ್ಡೆ ಹೊಲಗಳ ನಡುವೆ ಅಲೆದು ಕೇಳುತ್ತಲೇ ತಲೆ ನರೆತಿದೆ. ಬರೆದದ್ದನ್ನು ಓದಿದವರು ಕಡಿಮೆ, ಅಟ್ಟಿಸಿಕೊಂಡು ಬಂದ ನಾಯಿಗಳೇ ಹೆಚ್ಚು. "ಇವತ್ತು ಮಂಡಿಯೋ, ಮೇಯರೋ?" ಎಂದು ರೊಟ್ಟಿ ಮಾರುವ ಹೆಂಗಸರು ಕಿಚಾಯಿಸುತ್ತಾರೆ.

"ನಂಗೆ ಎರಡೂ ಒಂದೇ," ಎನ್ನುತ್ತಾರೆ ಎದೆಲ್ಮಿರಾ. "ನೋವಿದ್ರೂ ಇಲ್ಲ ಅಂತಾರೆ, ಸಿಟ್ಟಿದ್ರೂ ಇಲ್ಲ ಅಂತಾರೆ."

ಅವರೂ ಒಂದು ಕಾಲಕ್ಕೆ ಸೈಕಲ್ ತುಳಿದವರೇ. ಸೊಂಟದ ನೋವನ್ನು ನುಂಗಿ ನುಂಗಿ ಈಗ ಕುಂಟುತ್ತಾರೆ. ತನ್ನ ಕಷ್ಟ ತಾನೇ ಹೇಳಿಕೊಳ್ಳುವುದು ಈ ಬೆಟ್ಟದವರಿಗೆ ನಾಚಿಕೆ. ಪಕ್ಕದವರದ್ದಾದರೆ ಬಾಯ್ತುಂಬ ಹೇಳುತ್ತಾರೆ. ಹಾಗಾಗಿಯೇ ಎದೆಲ್ಮಿರಾ ಪಕ್ಕದವಳ ಮಂಡಿ ಕೇಳುವ ದಾರಿ ಹಿಡಿದರು. ಮಂಡಿಯ ವಿಷಯದಲ್ಲಿ ಅದು ಫಲಿಸಿತು. ಕಳೆದ ಚುನಾವಣೆಯಲ್ಲಿ ಮಾತ್ರ ಮಣ್ಣು ಮುಕ್ಕಿತು. ಪಕ್ಕದ ಮನೆಯವರು ಮೇಯರ್‌ಗೇ ಮತ ಹಾಕುತ್ತಾರೆ ಎಂದು ಊರಿಗೆ ಊರೇ ಹೇಳಿತ್ತು. ಮೇಯರ್ ಹೀನಾಯವಾಗಿ ಸೋತರು.

"ಆವತ್ತಿಂದ ತಲೆ ಕೆಟ್ಟ ಹಾಗಾಗಿದೆ," ಎನ್ನುತ್ತಾರೆ ಎದೆಲ್ಮಿರಾ. "ಜನ ಪಕ್ಕದವರ ಬಗ್ಗೆ ಹೇಳೋದು ಕಂಡಿದ್ದನ್ನೋ, ಹೆದರಿದ್ದನ್ನೋ, ಹೊಟ್ಟೆಕಿಚ್ಚನ್ನೋ?"

ಇವತ್ತು ಆ ಗೊಂದಲ ಒಂದು ಹುಡುಗಿಯ ತಲೆಯ ಮೇಲೇ ಬಂದು ಕೂತಿದೆ. ಲೈದಿ ಪಿರಾಸಾನ್ ಕಳೆದ ವಾರ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದಾಳೆ. ನಾಳೆಯ ಸ್ಪರ್ಧೆಯಲ್ಲಿ ಗೆದ್ದರೆ ದೊಡ್ಡ ತಂಡದಲ್ಲಿ ಜಾಗ. ವೈದ್ಯರಿಗೂ ಅವಳು ಚೆನ್ನಾಗಿದ್ದೇನೆ ಎಂದೇ ಹೇಳಿದ್ದಾಳೆ. ಜೊತೆಯವರು ಹೇಳುವುದೇ ಬೇರೆ: ವಾಂತಿ ಮಾಡುತ್ತಾಳೆ, ದಾರಿ ಮರೆಯುತ್ತಾಳೆ. ಆದರೆ ಲೈದಿ ಸ್ಪರ್ಧೆ ಬಿಟ್ಟರೆ ಅವಳ ಜಾಗ ಸಿಗುವುದು ಅವರಲ್ಲೇ ಒಬ್ಬಳಿಗೆ.

ತರಬೇತುದಾರ ದೋನ್ ಅರ್ಸೆನಿಯೊ ಜೀಪಿನಿಂದ ತಲೆ ಹೊರಹಾಕುತ್ತಾರೆ. "ನೀವು ಬೇಡ ಅಂದ್ರೆ ನಾಳೆ ಲೈದೀನ ತಡೀತೀನಿ ಟೀಚರಮ್ಮ. ಆದ್ರೆ ಚುನಾವಣೆ ಥರ ಆಗ್ಬಾರ್ದು, ನೋಡಿ!"

ಎದೆಲ್ಮಿರಾ ಕೆಳಗಿನ ತಿರುವಿನತ್ತ ಕಣ್ಣು ಹಾಯಿಸುತ್ತಾರೆ.

ಎಲ್ಲರಿಗಿಂತ ಹಿಂದೆ ಲೈದಿ ಬರುತ್ತಾಳೆ. ಇಷ್ಟು ದಿನ ಎಲ್ಲರಿಗಿಂತ ಮುಂದೆ ಬರುತ್ತಿದ್ದವಳು.

"ಹೇಗಿದೀಯಾ?"

"ದೇವರ ದಯೆ, ಚೆನ್ನಾಗಿದೀನಿ."

ಮುಂದೇನು ಕೇಳುವುದು? ಅವಳ ಹಿಂದೆ ಯಾರೂ ಇಲ್ಲ. ಎದೆಲ್ಮಿರಾ ಲೋಟ ತುಂಬಿಸಿ ಕೊಡುತ್ತಾರೆ. ಲೈದಿ ಒಂದು ಗುಟುಕು ಕುಡಿದು, ನೆಲ ನೋಡುತ್ತಾ ಹೇಳುತ್ತಾಳೆ:

"ನಂಗೊಬ್ಳು ಗೆಳತಿ ಇದಾಳೆ ಟೀಚರಮ್ಮ. ಇಳಿಜಾರಲ್ಲಿ ಅವಳಿಗೆ ರಸ್ತೆ ಎರಡಾಗಿ ಕಾಣುತ್ತಂತೆ."

"ನಿಮ್ಮ ತಂಡದವಳಾ?"

"ಅಲ್ಲ ಟೀಚರಮ್ಮ. ಬೇರೆ ಊರವಳು."

ಎದೆಲ್ಮಿರಾ ಎದ್ದು ಸೈಕಲ್ಲಿನ ಹಿಡಿ ಹಿಡಿಯುತ್ತಾರೆ. "ನಾಳೆ ಸೈಕಲ್ ಹತ್ತಬೇಡ ಅಂತ ಅವಳಿಗೆ ಹೇಳು. ತರಬೇತುದಾರರ ಹತ್ರ ನಾನು ಮಾತಾಡ್ತೀನಿ."

"ಅವಳು ಅಳ್ತಾಳೆ."

"ಅಳಲಿ ಬಿಡು. ನಿನ್ನ ಹೆಗಲ ಮೇಲೆ ಅಳಲಿ."

ಲೈದಿ ಮುಖ ತಿರುಗಿಸಿಕೊಳ್ಳುತ್ತಾಳೆ. ಆಮೇಲೆ ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ಇಳಿಜಾರಿನತ್ತ ಹೊರಡುತ್ತಾಳೆ.

"ಇದನ್ನ ಹೇಗೆ ಬರ್ಕೊಳ್ಲಿ?" ಎದೆಲ್ಮಿರಾ ತಮ್ಮನ್ನೇ ಕೇಳಿಕೊಳ್ಳುತ್ತಾರೆ. "ತನ್ನ ಬಗ್ಗೆ ಹೇಳಿದ್ಲು ಅಂತಲೋ, ಇನ್ನೊಬ್ಬಳ ಬಗ್ಗೆ ಅಂತಲೋ? ನಂಗಂತೂ ತಿಳೀತಿಲ್ಲ. ಹುಡುಗಿ ನಡ್ಕೊಂಡು ಇಳೀತಿದಾಳಲ್ಲ, ಇವತ್ತಿಗೆ ಅಷ್ಟು ಸಾಕು."