ಗದಿಗೆಪ್ಪ ಮೇಸ್ತ್ರಿ ಸುಮ್ಮನಿದ್ದ ದಿನ

ಹಳೆಯ ಡೀಸೆಲ್ ಎಂಜಿನ್ ನೋಡಲು ಹೋದಾಗ ಗದಿಗೆಪ್ಪ ಮೇಸ್ತ್ರಿಗಳು ಮೊದಲು ಮಾಡುತ್ತಿದ್ದ ಕೆಲಸ ಅದರ ಮೈಮೇಲೆ ಅಂಗೈ ಇಡುವುದು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಕಣ್ಣು ಮುಚ್ಚಿ, ಅರ್ಧ ನಿಮಿಷ. ತಣ್ಣಗಿದ್ದರೆ ಅಂಗಿಯ ತೋಳು ಮಡಚಿ ಕೆಲಸ ಶುರು. ಬೆಚ್ಚಗಿದ್ದರೆ ಚೀಲ ಹೆಗಲಿಗೇರಿಸಿ ಬಂದ ದಾರಿ ಹಿಡಿಯುತ್ತಿದ್ದರು.

"ನಾವು ಬರೂಕಿಂತ ಮೊದಲ ಚಾಲೂ ಮಾಡಿ ಬಿಸಿ ಮಾಡ್ಯಾರ್ರಿ. ತಣ್ಣಗಿದ್ದಾಗ ಅದು ಏಳಂಗಿಲ್ಲ ಅನ್ನೂದು ನಮಗ ತಿಳೀಬಾರದಂತ. ನಡೀರಿ ಹೋಗೂಣ."

ಅವರ ಊರು ದಾಸನಕೊಪ್ಪ. ನನ್ನದು ಶಿರಸಿಯಲ್ಲಿ ಹಳೆ ಪಂಪ್‌ಸೆಟ್, ಟಿಲ್ಲರ್, ಗಿರಣಿ ಎಂಜಿನ್ ಕೊಂಡು ಮಾರುವ ಅಂಗಡಿ. ಹದಿನೆಂಟು ವರ್ಷ ಅವರು ನೋಡದ ಒಂದು ಎಂಜಿನ್ನೂ ನನ್ನ ಅಂಗಡಿಯ ಒಳಗೆ ಬಂದಿರಲಿಲ್ಲ, ಹೊರಗೆ ಹೋಗಿರಲಿಲ್ಲ. ಕುಳ್ಳಗಿನ ಆಳು. ಉಗುರಿನ ಸಂದಿಯ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಮಾತು ಕಡಿಮೆ. ಎಂಜಿನ್ನಿನ ಎಣ್ಣೆಯನ್ನು ಎರಡು ಬೆರಳಿನ ನಡುವೆ ತಿಕ್ಕಿ ಮೂಸುವರು. ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿ, ಒಳಗಿನ ಗಾಳಿ ಎಷ್ಟು ಜೋರಾಗಿ ಎದುರು ಒತ್ತುತ್ತದೆ ಎಂದು ನೋಡುವರು. ಚಾಲೂ ಆದ ಮೇಲೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೆ ಕೈ ಹಿಡಿಯುವರು. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ಸವೆದಿದೆ ಎಂದರ್ಥ. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ನಿಲ್ಲುವರು. ಆಗ ಯಾರೂ ಮಾತಾಡುವಂತಿರಲಿಲ್ಲ.

ಈಚೆಗೆ ಜನ ಮೊಬೈಲಿನಲ್ಲಿ ವಿಡಿಯೋ ಕಳಿಸಿ "ಹ್ಯಾಂಗೈತಿ ಹೇಳ್ರಿ ಮೇಸ್ತ್ರಿ" ಎಂದು ಕೇಳತೊಡಗಿದ್ದರು. "ಫೋನಿನ್ಯಾಗ ಹೊಗಿ ವಾಸನಿ ಬರತೈತೇನ್ರಿ?" ಎಂದು ಅದನ್ನು ತೆರೆದೂ ನೋಡುತ್ತಿರಲಿಲ್ಲ.

ಒಮ್ಮೆ ಯಲ್ಲಾಪುರದ ಕಡೆ ಚಂದಗುಳಿಯ ಹತ್ತಿರ ಒಬ್ಬರ ಗಿರಣಿ ಎಂಜಿನ್ ನೋಡಲು ಹೋಗಿದ್ದೆವು. ತಿಂಗಳಿಂದ ಚಾಲೂ ಮಾಡಿಯೇ ಇಲ್ಲ ಎಂದು ಯಜಮಾನರು ಊರ ದೇವರು ಘಂಟಿಗಣಪನ ಮೇಲೆ ಆಣೆಯಿಟ್ಟರು. ಗದಿಗೆಪ್ಪ ಅಂಗೈ ಇಟ್ಟವರೇ ಸರಕ್ಕನೆ ತೆಗೆದರು.

"ಅಲ್ರೀ ಯಜಮಾನ್ರ, ಗಣಪ್ಪನ್ನ ಯಾಕ ನಡುವ ತರ್ತೀರಿ? ಇದರ ಮೈ ಇನ್ನೂ ಸುಡಾಕತ್ತೈತಿ!"

ಯಜಮಾನರೇ ನಕ್ಕುಬಿಟ್ಟರು. ಚಹಾ ಕುಡಿಸಿ ಕಳಿಸಿದರು.

ಇನ್ನೊಮ್ಮೆ ಬನವಾಸಿ ರಸ್ತೆಯ ಒಬ್ಬ ರೈತರು ತುಕ್ಕು ಹಿಡಿದ ಎಂಜಿನ್ನನ್ನು ಗುಜರಿಯ ಬೆಲೆಗೆ ನನಗೆ ಕೊಡಲು ತಯಾರಿದ್ದರು. ನಾನು ಒಳಗೊಳಗೇ ಖುಷಿಯಲ್ಲಿದ್ದೆ. ಗದಿಗೆಪ್ಪ ಪೂರ್ತಿ ನೋಡಿ, ನನ್ನ ಎದುರಿಗೇ ಆ ರೈತರಿಗೆ ಹೇಳಿದರು: "ಇದನ್ನ ಗುಜರಿಗೆ ಹಾಕಬ್ಯಾಡ್ರಿ. ಮ್ಯಾಲಿನ ಮೈಯಷ್ಟ ಕೆಟ್ಟೈತಿ. ಉಸಿರು ಗಟ್ಟಿ ಐತಿ." ದಾರಿಯಲ್ಲಿ ನಾನು ಸಿಟ್ಟು ಮಾಡಿದೆ. ನನ್ನ ಕಡೆಯವರಾಗಿ ಬಂದು ಇದೆಂತ ಮಾಡಿದಿರಿ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು:

"ಎಂಜಿನ್ನು, ಮಾರಾವಗ ಒಂದು ಸುದ್ದಿ, ತಗೊಳ್ಳಾವಗ ಒಂದು ಸುದ್ದಿ ಹೇಳಂಗಿಲ್ರಿ ಮಂಜಣ್ಣಾರ. ನಾ ಹ್ಯಾಂಗ ಹೇಳ್ಲಿ?"

ಅಂಥ ಮನುಷ್ಯರ ಬಾಯಿ ಮುಚ್ಚಿಸಿದವನು ನಾನು.

ಅವರ ಬೆನ್ನಿಗೆ ಬಿದ್ದು ಓಡಾಡಿ ನನಗೂ ಎಲ್ಲ ಬರುತ್ತದೆ ಎಂಬ ಭ್ರಮೆ ಬಂದಿತ್ತು. ಒಂದು ದಿನ ಅವರಿಗೆ ತಿಳಿಸದೆ ಯಲ್ಲಾಪುರದ ಆಚೆ, ಮುಚ್ಚಿಹೋದ ಕಲ್ಲುಕ್ವಾರಿಯೊಂದರ ಎಂಜಿನ್ ಕೊಂಡು ತಂದೆ. ಅಂಗೈ ಇಟ್ಟೆ, ತಣ್ಣಗಿತ್ತು. ಎಣ್ಣೆ ಮೂಸಿದೆ, ಹೊಗೆ ನೋಡಿದೆ. ಸದ್ದು ಕೇಳಿದೆ, ಗಂಭೀರವಾಗಿತ್ತು. ಅಂಗಡಿಗೆ ತಂದು ಒಂದು ತಾಸು ಓಡಿಸಿದಾಗ ಬುಡದಿಂದ ಟಕ್, ಟಕ್ ಎಂದು ಕೇಳತೊಡಗಿತು. ಸದ್ದು ಅಡಗಲೆಂದು ಯಾರೋ ಗೇರ್ ಪೆಟ್ಟಿಗೆಗೆ ಹಾಕುವ ದಪ್ಪ ಎಣ್ಣೆಯನ್ನು ಅದರ ಹೊಟ್ಟೆಗೆ ತುಂಬಿದ್ದರು; ಬಿಸಿಗೆ ಅದು ತೆಳುವಾಗಿ ಸದ್ದು ಹೊರಬಿದ್ದಿತ್ತು. ನಾನು ಅದನ್ನು ಬೆರಳಲ್ಲಿ ಹಿಡಿದೂ ಗುರುತಿಸಿರಲಿಲ್ಲ.

ಗದಿಗೆಪ್ಪನವರಿಗೆ ಹೇಳಬಹುದಿತ್ತು. ನಾಚಿಕೆಯಾಯಿತು. ಆ ದಪ್ಪ ಎಣ್ಣೆಯನ್ನು ಹಾಗೆಯೇ ಬಿಟ್ಟು, ಮೇಲೆ ಹಸಿರು ಬಣ್ಣ ಬಳಿಸಿದೆ.

ಅದನ್ನು ಕೇಳಿಕೊಂಡು ಬಂದವರು ಸಿದ್ದಾಪುರ ತಾಲ್ಲೂಕಿನ ಹೇರೂರಿನ ಸಾವಿತ್ರಕ್ಕ. ಗಂಡ ತೀರಿಕೊಂಡ ಮೇಲೆ ಮನೆಯ ಆಲೆಮನೆಯನ್ನು ತಾವೇ ನಡೆಸುತ್ತಿದ್ದವರು. ಸುತ್ತಿನ ಎಂಟು ಮನೆಯವರ ಕಬ್ಬು ಅವರ ಗಾಣದಲ್ಲೇ ಅರೆದು ಬೆಲ್ಲವಾಗಬೇಕು. ಹಳೆ ಎಂಜಿನ್ ಕೈಕೊಟ್ಟಿತ್ತು. ತಮ್ಮ ಹವ್ಯಕ ಮಾತಿನಲ್ಲಿ, "ಎಂಗೆ ಇದೆಲ್ಲ ಗೊತ್ತಾಗ್ತಿಲ್ಲೆ. ಗದಿಗೆಪ್ಪಣ್ಣ ನೋಡಿ ಅಡ್ಡಿಲ್ಲೆ ಅಂದ್ರೆ ತಗಳ್ತೆ" ಎಂದರು.

ಅವರಿಬ್ಬರೂ ಬರುವ ದಿನ ನಾನು ಬೆಳಿಗ್ಗೆಯೇ ಎಂಜಿನ್ ಓಡಿಸಿಟ್ಟಿದ್ದೆ. ತಣ್ಣಗಿದ್ದಾಗ ಒಂದೇ ಏಟಿಗೆ ಅದು ಏಳುತ್ತಿರಲಿಲ್ಲ.

ಗದಿಗೆಪ್ಪ ಅಂಗೈ ಇಟ್ಟರು. ಕಣ್ಣು ತೆರೆದು ನನ್ನ ಮುಖ ನೋಡಿದರು. ನಾನು, "ಬೆಳಿಗ್ಗೆ ಒಂಚೂರು ಚಾಲೂ ಮಾಡಿದ್ದೆ" ಎಂದೆ. ಅವರು ಚೀಲ ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಎಣ್ಣೆ ತಿಕ್ಕಿ ನೋಡಿದರು. ಚಾಲೂ ಮಾಡಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ನೀರು ಕುಡಿಯುವ ನೆಪ ಮಾಡಿ ನನ್ನನ್ನು ಅಂಗಡಿಯ ಹಿಂದೆ ಕರೆದರು.

"ಬುಡದ ಬೇರಿಂಗ್ ಹೋಗೈತ್ರಿ. ಭಾರ ಬಿದ್ರ ನಾಕು ದಿನ ತಡಿಯಂಗಿಲ್ಲ. ನೀವ ಹೇಳ್ರಿ ಆಕಿಗೆ. ನಾ ಹೇಳಿದ್ರ ನಿಮ್ಮ ಹೆಸರು ಹೋಗತೈತಿ."

"ಇದೊಂದು ಸಲ ಸುಮ್ಮನಿರಿ ಮೇಸ್ತ್ರಿ. ನಾನೇ ಆಮೇಲೆ ಬಿಚ್ಚಿಸಿ ಸರಿ ಮಾಡಿಸಿ ಕೊಡ್ತೆ."

"ಕೊಡೂಕಿಂತ ಮೊದಲ ಬಿಚ್ಚೂಣಲ್ರಿ."

"ಗಾಣ ಈ ವಾರವೇ ಕಟ್ತಾರಂತೆ. ನನ್ನ ಮರ್ಯಾದೆ ಉಳಿಸಿ" ಎಂದೆ. ಕೈ ಹಿಡಿದುಕೊಂಡೆ ಕೂಡ.

ಅವರು ಕೈ ಬಿಡಿಸಿಕೊಂಡರು. ಅಂಗಡಿಯ ಮುಂದೆ ಬಂದರು. ಸಾವಿತ್ರಕ್ಕ, "ಹೆಂಗಿದ್ದು ಗದಿಗೆಪ್ಪಣ್ಣ?" ಎಂದು ಕೇಳಿದರು. ಅವರು ಬಟ್ಟೆಯ ತುಂಡಿನಿಂದ ಕೈ ಒರೆಸುತ್ತಲೇ ಇದ್ದರು. ಒಂದೊಂದೇ ಬೆರಳು. ನಾನು ನಡುವೆ ಬಾಯಿ ಹಾಕಿ, "ಅವರು ಇಷ್ಟೊತ್ತು ನೋಡಿದ ಮೇಲೆ ಇನ್ನೆಂತ ಕೇಳೂದು ಅಕ್ಕ?" ಎಂದು ನಕ್ಕೆ. ಸಾವಿತ್ರಕ್ಕನೂ ನಕ್ಕರು. ಗದಿಗೆಪ್ಪ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಹೇರೂರಿಗೆ ಹೋಯಿತು.

ನಾಲ್ಕು ದಿನವಲ್ಲ, ಐದು ದಿನ ನಡೆಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಒಳಗಿನ ರಾಡ್ ಮುರಿದು ಎಂಜಿನ್ನಿನ ಹೊಟ್ಟೆಯನ್ನೇ ಸೀಳಿಕೊಂಡು ಹೊರಬಂತಂತೆ. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಕಡಿದು ರಾಶಿ ಹಾಕಿದ ಎಂಟು ಮನೆಯ ಕಬ್ಬು ಬಿಸಿಲಿಗೆ ಒಣಗತೊಡಗಿತು. ಕೆಲವರು ಹೊತ್ತುಕೊಂಡು ಬೇರೆ ಗಾಣಕ್ಕೆ ಹೋದರು. ಮರುವರ್ಷವೂ ಅವರು ಸಾವಿತ್ರಕ್ಕನ ಆಲೆಮನೆಗೆ ತಿರುಗಿ ಬರಲಿಲ್ಲ.

ಸುದ್ದಿ ಕೇಳಿ ನಾನು ಫೋನ್ ಮಾಡಿ, ಬೇರೆ ಎಂಜಿನ್ ಕಳಿಸುತ್ತೇನೆ ಎಂದೆ. ಗದಿಗೆಪ್ಪಣ್ಣ ಬಂದಿದ್ದಾರೆ, ಅವರೇ ನೋಡಿಕೊಳ್ಳುತ್ತಿದ್ದಾರೆ, ನಿಮ್ಮದು ಬೇಡ ಎಂಬ ಉತ್ತರ ಬಂತು. ಅವರು ಹನ್ನೊಂದು ದಿನ ಅಲ್ಲೇ ಉಳಿದು, ತಮ್ಮ ಮನೆಯಲ್ಲಿದ್ದ ಹಳೆ ಎಂಜಿನ್ನಿನ ಭಾಗಗಳನ್ನು ತರಿಸಿ ಗಾಣ ಮತ್ತೆ ತಿರುಗುವಂತೆ ಮಾಡಿ ಬಂದರು.

ಅದಾದ ಮೇಲೆ ಅವರು ಯಾವ ಎಂಜಿನ್ ನೋಡಲೂ ಹೋಗಲಿಲ್ಲ. ಕರೆಯಲು ಬಂದವರಿಗೆಲ್ಲ ಒಂದೇ ಮಾತು: "ಕಿವಿ ಮಂದಾಗ್ಯಾವ್ರಿ. ಬ್ಯಾರೇದವರನ್ನ ನೋಡ್ರಿ." ಜನ ನಂಬಿದರು. ವಯಸ್ಸಾಯಿತು ಎಂದರು.

ಎರಡು ವರ್ಷದ ನಂತರ ದಾಸನಕೊಪ್ಪದ ಒಂದು ಚಹಾ ಅಂಗಡಿಯಲ್ಲಿ ಸಿಕ್ಕರು. "ಬರ್ರಿ ಮಂಜಣ್ಣಾರ, ಕುಂದರ್ರಿ" ಎಂದು ಪಕ್ಕದಲ್ಲಿ ಜಾಗ ಮಾಡಿದರು. ಮಳೆ, ಗೋವಿನಜೋಳ, ಮಗಳ ಮನೆ, ಎಲ್ಲ ಮಾತಾಡಿದೆವು. ರಸ್ತೆಯಲ್ಲಿ ಒಂದು ಟಿಲ್ಲರ್ ಹಾದುಹೋಯಿತು. ಚಹಾದ ಬಸಿ ಹಿಡಿದ ಅವರ ಕೈ ಅಲ್ಲೇ ನಿಂತಿತು. "ಅದರ ಡೀಸೆಲ್ ನಾಜಲ್ ತೊಟ್ಟಿಕ್ಕಾಕತ್ತೈತಿ..." ಎಂದವರು ನನ್ನ ಕಡೆ ನೋಡಿ, ಮಾತು ನಿಲ್ಲಿಸಿ, ಉಳಿದ ಚಹಾ ಕುಡಿದರು. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುವಂತಿರಲಿಲ್ಲ. "ಬಸ್ ಬಂತು ಮೇಸ್ತ್ರಿ" ಎಂದು ಎದ್ದುಬಿಟ್ಟೆ.

ಕಳೆದ ಸುಗ್ಗಿಯಲ್ಲಿ ಮೇಸ್ತ್ರಿ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಹೇರೂರಿಗೆ ಹೋದೆ. ಸಾವಿತ್ರಕ್ಕ ಜಗಲಿಯ ಮೇಲೆ ಕೂರಿಸಿದರು. ಗದಿಗೆಪ್ಪ ಸತ್ತ ಸುದ್ದಿ ಕೇಳಿ ಹೇಳಿದರು:

"ಎಂಜಿನ್ ಒಡೆದ ಮರುದಿನ ಬಂದಿದ್ರು. ಬಂದವ್ರೇ, 'ತಂಗಿ, ಆ ಸದ್ದು ನನಗ ಅವತ್ತ ಕೇಳಿತ್ತು, ನಾ ಹೇಳಲಿಲ್ಲ, ತಪ್ಪು ನಂದು' ಅಂದ್ರು. ಎಂಗೆ ಸಿಟ್ಟು ಬಂದಿತ್ತು. ಆನು ಬಾಯಿಗೆ ಬಂದಂಗೆ ಬೈದಿ. ಕೈ ಕಟ್ಟಿ ನಿಂತು ಕೇಳಿಸ್ಕಂಡ್ರು."

"ನನ್ನ ಹೆಸರು?" ಎಂದೆ.

"ನಿಮ್ಮ ಹೆಸ್ರು ಎತ್ತಿದ್ದೇ ಇಲ್ಲೆ. ಎಂತಕ್ಕೆ?"

ಹೇಳಿದೆ. ಬೆಳಿಗ್ಗೆ ಬಿಸಿ ಮಾಡಿದ್ದು, ದಪ್ಪ ಎಣ್ಣೆ, ಅಂಗಡಿಯ ಹಿಂದೆ ನಾನು ಅವರ ಕೈ ಹಿಡಿದದ್ದು, ಎಲ್ಲ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಸಾವಿತ್ರಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ಅವತ್ತು ಅಷ್ಟು ದೂರದಿಂದ ಬಂದ ಮನುಷ್ಯಂಗೆ ಆನು ಒಂದು ಲೋಟ ನೀರು ಸೈತ ಕೊಟ್ಟಿದ್ನಿಲ್ಲೆ. ಸಂಜೆವರೆಗೂ ಹಾಂಗೇ ಕೆಲಸ ಮಾಡಿದ್ರು. ಇದನ್ನ ಈಗ ಆನು ಯಾರ ಹತ್ರ ಹೇಳ್ಲಿ?"

ಅವರು ಎದ್ದು ಒಳಗೆ ಹೋದರು. ನಾನು ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿದೆ.