ನನ್ನ ಆ್ಯಪನ್ನು ಯಾರೂ ಬೈಯಲಿಲ್ಲ

ನನ್ನ ಬಸ್ ವೇಳೆಯ ಆ್ಯಪನ್ನು ಯಾರೂ ಬಳಸುತ್ತಿಲ್ಲ. ಅದರ ತಪ್ಪೇನೆಂದು ಕೇಳಲೆಂದೇ ಮಂಗಳೂರಿನಿಂದ ಭಾರತೀನಗರಕ್ಕೆ, ಆ್ಯಪ್ ಮಾಡುವವರ ಈ ಪುಟ್ಟ ಸಮ್ಮೇಳನಕ್ಕೆ ಬಂದೆ. ಮದ್ದೂರಿನ ರಮೇಶ ತನ್ನ ಬೆಲ್ಲ ಮಾರುವ ಆ್ಯಪ್ ತೋರಿಸಿದ್ದೇ ತಡ, ಸಭೆಯೇ ಅವನನ್ನು ಬೈಯಲು ಮುಗಿಬಿತ್ತು. "ಲೇ, ಇದ್ರಲ್ಲಿ ಬೆಲ್ಲ ಎಲ್ಲದೆ ಅಂತ ಇರ್ವೆಗೂ ಗೊತ್ತಾಗಲ್ಲ ಕಣ್ಲಾ." ನನ್ನ ಸರದಿ ಬಂದಾಗ ಮಾತ್ರ ಎಲ್ಲರದೂ ಒಂದೇ ಮಾತು: "ಚೆಂದಾಗದೆ ಬುಡಿ ಸಾರ್." ಗೋಗರೆದರೂ ಅಷ್ಟೇ.

ಊಟಕ್ಕೆ ಮಳವಳ್ಳಿಯ ಶಿವಣ್ಣ ಪಕ್ಕದಲ್ಲಿ ಕೂತ. ನಾನು ಮುದ್ದೆ ಅಗಿಯುವುದನ್ನು ನೋಡಲಾರದೆ ನುಂಗುವುದನ್ನು ಕಲಿಸಿದ. ಎರಡನೆಯ ಮುದ್ದೆ ಸಲೀಸಾಗಿ ಇಳಿದದ್ದು ಕಂಡು ಅವನ ಮುಖ ಅರಳಿತು. ಬೆನ್ನು ತಟ್ಟಿ ಹೇಳಿದ: "ನಿನ್ ಆ್ಯಪು ಓಪನ್ ಆಗೋದ್ರೊಳ್ಗೆ ಬಸ್ಸು ಅಲಗೂರು ದಾಟಿರ್ತದೆ ಕಣ್ಲಾ."